ನಾಲ್ಕಾಣೆ ಹೊಲದ ಹಸಿ

ಬರಹ ಸ್ವಲ್ಪ ಉದ್ದ ಐತೆ. ಪುರುಸೊತ್ತು ಮಾಡ್ಕೊಂಡು ಓದಿ. ಓದಿದ ಮೇಲೆ ನಿಮ್ಮೂರಿನ ಕಥೆನೂ ಹೇಳಿ.

ಹೋದ ಭಾನುವಾರ ಊರಿಗೆ ಹೋಗಿದ್ದೆ. ಊಟಕ್ಕೆ ಕೂತಾಗ ತಮ್ಮ ಮೆಲ್ಲಗೆ ಒಂದು ವಿಷಯ ತೆಗೆದ. ಗುಡ್ಡದ ಬುಡದಲ್ಲಿರೋ ನಮ್ಮ ಎರಡು ಎಕರೆ ಹೊಲವನ್ನ ಶುಂಠಿ ಹಾಕೋರು ಗುತ್ತಿಗೆಗೆ ಕೇಳ್ತಿದ್ದಾರಂತೆ. ದುಡ್ಡು ಮುಂಗಡ. ಬೋರು ಅವರೇ ಕೊರೆಸ್ತಾರೆ, ಬಿಟ್ಟು ಹೋಗುವಾಗ ಬೋರು ನಮಗೇ. ಆಮೇಲೆ ನಾವೂ ಅಡಿಕೆ ಇಡಬಹುದು. "ಅಣ್ಣಾ, ನೀನು ಆಫೀಸಲ್ಲಿ ಫ್ಯಾನ್ ಕೆಳಗೆ ಕೂತಿರ್ತೀಯ. ಆ ಹೊಲದಾಗೆ ಹಸಿನೇ ನಿಲ್ಲಲ್ಲ. ಮಳೆ ಹೋಗಿ ಮೂರು ದಿನಕ್ಕೆ ಮೆಕ್ಕೆಜೋಳದ ಎಲೆ ಸುರುಳಿ ಸುತ್ತುತ್ತೆ. ಮಣ್ಣೇ ಅಂಥಾದ್ದು. ನಾವೇನ್ ಮಾಡೋಕಾಗುತ್ತೆ?" ಅಂದ.

ಅವ್ವ ಒಲೆ ಮುಂದಿಂದಲೇ ಅಂದಳು: "ಮೊದ್ಲಿಂದ ಹಂಗಿರಲಿಲ್ಲ ಕಣಪ್ಪ. ನಿಮ್ಮಪ್ಪ ಇದ್ದಾಗ ದೀಪಾವಳಿ ದಾಟಿದ್ರೂ ಹುರುಳಿ ಹಸಿರಾಗೇ ಇರ್ತಿತ್ತು."

ಈ ಎರಡು ಮಾತು ವಾರ ಪೂರ್ತಿ ತಲೆಯಲ್ಲಿ ಕೊರೀತಿದ್ವು. ಮಳೆ ಅದೇ, ಹೊಲ ಅದೇ. ಹಸಿ ಎಲ್ಲಿಗೆ ಹೋಯ್ತು? ನಾನು ಗುಮಾಸ್ತ. ನನಗೆ ಗೊತ್ತಿರೋದು ಕಡತ. ಹಾಗಾಗಿ ಕಡತದಿಂದಲೇ ಶುರು ಮಾಡ್ತೀನಿ.

ಮೊದಲು ನನ್ನ ಸೀಮೆ ಯಾವುದು ಅಂತ ಹೇಳಿಬಿಡ್ತೀನಿ. ನಮ್ಮೂರು ನ್ಯಾಮತಿ ತಾಲೂಕು. 2018ರವರೆಗೂ ಹೊನ್ನಾಳಿ ತಾಲೂಕಾಗಿತ್ತು, ಈಗಲೂ ನಮ್ಮ ಹಳೇ ಕಾಗದ ಎಲ್ಲ ಹೊನ್ನಾಳಿ ಹೆಸರಲ್ಲೇ ಇವೆ. ಅವ್ವನ ತವರು ಚನ್ನಗಿರಿ ಕಡೆ, ಸೂಳೆಕೆರೆ ಸೀಮೆ. ನನ್ನ ಹೆಂಡತಿಯ ಊರು ಜಗಳೂರು. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆಗೋವರೆಗೂ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ವು, ಜಗಳೂರು ಚಿತ್ರದುರ್ಗಕ್ಕೆ. ಮಲೆನಾಡಿನ ಸೆರಗಿನಿಂದ ಬಯಲುಸೀಮೆಯ ನಡುವಿನವರೆಗೆ, ಇಷ್ಟು ನೆಲದಲ್ಲಿ ನನ್ನ ನೆಂಟಸ್ತಿಕೆ ಹರಡಿದೆ.

ಈಗ ಕಡತಕ್ಕೆ ಬರೋಣ. 1863ರಲ್ಲಿ ಮೈಸೂರು ಸೀಮೆಯಲ್ಲಿ ಮುಂಬೈ ಪದ್ಧತಿಯ ರೆವಿನ್ಯೂ ಸರ್ವೆ ಶುರುವಾಯ್ತು. ಗೋಲ್ಡ್‌ಸ್ಮಿಡ್, ವಿಂಗೇಟ್ ಅನ್ನೋ ಬ್ರಿಟಿಷ್ ಅಧಿಕಾರಿಗಳು ಮುಂಬೈ ಪ್ರಾಂತ್ಯದಲ್ಲಿ ರೂಪಿಸಿದ ಪದ್ಧತಿ ಅದು. ಹೊಲ ಅಳೆಯೋದರ ಜೊತೆಗೆ ಮಣ್ಣು ಅಗೆದು ನೋಡಿ, ಆಣೆ ಲೆಕ್ಕದಲ್ಲಿ ದರ್ಜೆ ಹಾಕ್ತಿದ್ರು. ಒಂದೂಮುಕ್ಕಾಲು ಮೊಳ ಆಳದ ಒಳ್ಳೆ ಎರೆ ಮಣ್ಣಿಗೆ 16 ಆಣೆ. ಆಳ ಕಾಲು ಮೊಳ ಕಮ್ಮಿಯಾದಂಗೆಲ್ಲ ಸುಮಾರು ಎರಡೆರಡು ಆಣೆ ಇಳೀತಿತ್ತು. ಕಾಲು ಮೊಳಕ್ಕೆ ಬಂದ್ರೆ ನಾಲ್ಕೂವರೆ ಆಣೆ. ಮಣ್ಣು ಒರಟಾಗಿದ್ದು ಕೆಂಪಾಗಿದ್ರೆ ಇನ್ನೂ ಕೆಳಗೆ. ಮರಳು, ಇಳಿಜಾರು, ಮಳೆಗೆ ಕೊಚ್ಚಿ ಹೋಗೋ ಗುಣ, ಇವೆಲ್ಲ 'ದೋಷ'. ಒಂದೊಂದು ದೋಷಕ್ಕೂ ದರ್ಜೆ ಕೆಳಕ್ಕೆ. ನಮ್ಮ ಹಿರಿಯರು "ಹದಿನಾರಾಣೆ ಭೂಮಿ" ಅಂತಿದ್ರಲ್ಲ, ಆ ಮಾತಿಗೆ ಸರ್ಕಾರಿ ಕೋಷ್ಟಕದ ಬೆಂಬಲವೂ ಇತ್ತು.

ಆಳಕ್ಕೆ ಯಾಕೆ ಅಷ್ಟು ಬೆಲೆ? ಆಳ ಅಂದ್ರೆ ಹಸಿ ಹಿಡಿಯೋ ಜಾಗ. ಎರೆ ಮಣ್ಣು ಒಂದು ಮೀಟರ್ ಆಳಕ್ಕೆ ಬೆಳೆಗೆ ಸಿಗುವಂಥ 150ರಿಂದ 200 ಮಿಲಿಮೀಟರ್ ನೀರು ಹಿಡಿದಿಟ್ಟುಕೊಳ್ಳುತ್ತೆ. ಮರಳು ಬೆರೆತ ಕೆಂಪು ಮಣ್ಣಾದ್ರೆ 100ರ ಆಸುಪಾಸು. ಒಂದೂಮುಕ್ಕಾಲು ಮೊಳ ಅಂದ್ರೆ ಸುಮಾರು 80 ಸೆಂಟಿಮೀಟರ್. ಕಾಲು ಮೊಳ ಅಂದ್ರೆ 11 ಸೆಂಟಿಮೀಟರ್. ಬೆಳೆದು ನಿಂತ ಬೆಳೆ ದಿನಕ್ಕೆ 4-5 ಮಿಲಿಮೀಟರ್ ನೀರು ಕುಡಿಯುತ್ತೆ. ಈಗ ನೀವೇ ಭಾಗಿಸಿ ನೋಡಿ. ಮಳೆ ನಿಂತ ಮೇಲೆ ಹದಿನಾರಾಣೆಯವನ ಬೆಳೆ ಸುಮಾರು ಒಂದು ತಿಂಗಳು ತಡೆಯುತ್ತೆ. ನಾಲ್ಕಾಣೆಯವನ ಬೆಳೆ ಎರಡು ಮೂರು ದಿನ. ನನ್ನ ತಮ್ಮ ಹೇಳಿದ ಮೂರು ದಿನ!

ಮಳೆ ಎಲ್ಲರ ಹೊಲಕ್ಕೂ ಒಂದೇ ಸಮ ಬರುತ್ತೆ. ಬರಗಾಲ ಮಾತ್ರ ಒಬ್ಬೊಬ್ಬರ ಹೊಲಕ್ಕೆ ಒಂದೊಂದು ದಿನ ಬರುತ್ತೆ. ನಮ್ಮ ಹೊಲಕ್ಕೆ ಮೊದಲು ಬರುತ್ತೆ.

ನಾಲ್ಕಾಣೆ ಮಣ್ಣು ನಮ್ಮ ಪಾಲಿಗೆ ಹೆಂಗೆ ಬಂತು? ಇದಕ್ಕೆ ಅವ್ವನ ಅಪ್ಪನ ಕಥೆ ಹೇಳಬೇಕು. ತಾತ ಒಂದು ಸಣ್ಣ ಕೆರೆಯ ನೀರಗಂಟಿ. ಸೂಳೆಕೆರೆಗೆ ಶಾಂತವ್ವನ ಕಥೆ ಐತೆ, ಶಾಂತಿಸಾಗರ ಅನ್ನೋ ಹೆಸರೈತೆ, 30 ಕಿಲೋಮೀಟರ್ ಸುತ್ತಳತೆಯ ಕೀರ್ತಿ ಐತೆ. ಆದರೆ ತೂಬು ಎತ್ತಿದ, ಏರಿ ಕಾದ, ರಾತ್ರಿ ಗದ್ದೆ ಗದ್ದೆ ತಿರುಗಿ ನೀರು ಕಟ್ಟಿದ ನೀರಗಂಟಿಗಳ ಹೆಸರು ಯಾವ ಕಥೆಯಲ್ಲೂ ಇಲ್ಲ. ಹಳೇ ಮೈಸೂರು ಸೀಮೆಯ ಎಷ್ಟೋ ಊರಲ್ಲಿ ಈ ಕೆಲಸ ಮಾಡಿದ್ದು ನಮ್ಮ ಕೇರಿಯವರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಯಾವ ಮಣ್ಣು ಎಷ್ಟು ದಿನ ತಡೆಯುತ್ತೆ, ಎಲ್ಲಾ ಅವರ ತಲೆಯಲ್ಲೇ. ತಾತ ಮಣ್ಣನ್ನ ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿ ನೋಡಿ ಹದ ಹೇಳ್ತಿದ್ದನಂತೆ. ಕೂಲಿ ಅಂದ್ರೆ ಸುಗ್ಗಿಯಲ್ಲಿ ಕಣದ ಆಯ, ಜೊತೆಗೆ ಒಂದು ತುಂಡು ಇನಾಮು ಭೂಮಿ. ಆ ತುಂಡು ಇದ್ದದ್ದು ಅಚ್ಚುಕಟ್ಟಿನ ಬಾಲದಲ್ಲಿ. ಊರಿಗೆಲ್ಲ ನೀರು ಹಂಚಿದವನ ಹೊಲಕ್ಕೆ ನೀರು ಕೊನೆಗೆ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಹುಟ್ಟಿನಿಂದ ಬರೋ ಚಾಕರಿ ಹೋಗಿದ್ದು ಒಳ್ಳೇದೇ ಆಯ್ತು. ಬಾಬಾಸಾಹೇಬರು ಮಹಾರ್ ವತನದ ವಿರುದ್ಧ 1928ರಲ್ಲೇ ಮುಂಬೈ ಶಾಸನಸಭೆಯಲ್ಲಿ ಮಸೂದೆ ತಂದಿದ್ದು ಇದಕ್ಕೇ. ಆದರೆ ಇನಾಮು ಭೂಮಿ ಮತ್ತೆ ನಮ್ಮ ಹೆಸರಿಗೆ ಆಗಬೇಕಾದ್ರೆ ಅರ್ಜಿ ಕೊಡಬೇಕಿತ್ತು, ದುಡ್ಡು ಕಟ್ಟಬೇಕಿತ್ತು. ತಾತನಿಗೆ ಓದು ಇಲ್ಲ, ಕೈಯಲ್ಲಿ ಕಾಸಿಲ್ಲ. ಭೂಮಿ ಹೋಯ್ತು. ಕೆರೆಯ ವಿದ್ಯೆ ತಾತನ ಜೊತೆಗೇ ಮಣ್ಣಾಯ್ತು.

ಅಪ್ಪನ ಕಡೆ ಬಂದದ್ದು ದರಖಾಸ್ತು ಭೂಮಿ. ಸಾಗುವಳಿ ಚೀಟಿ ಈಗಲೂ ಟ್ರಂಕಿನಲ್ಲಿದೆ. ನಮ್ಮವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯಲ್ಲಿ ಹೆಚ್ಚಿನದು ಹೆಂಗಿತ್ತು ಅಂತ ಆ ಕಾಗದ ನೋಡಿದೋರಿಗೆ ಗೊತ್ತು. ಕೆರೆ ಕೆಳಗಿನ ಗದ್ದೆ, ಹೊಳೆ ದಂಡೆ, ಎರೆ ಬಯಲು ಎಲ್ಲಾ ಯಾವತ್ತೋ ಪಟ್ಟಾ ಆಗಿ ಮುಗಿದಿತ್ತು. ಉಳಿದದ್ದು ಗೋಮಾಳದ ಅಂಚು, ಗುಡ್ಡದ ಬುಡ, ಖರಾಬು. ಹಸಿ ಜಾತಿ ಕೇಳಲ್ಲ. ಹಸಿ ನಿಲ್ಲೋ ಮಣ್ಣನ್ನ ಜಾತಿ ಕೇಳಿ ಹಂಚಿದ್ರು.

ಆದ್ರೂ ಅವ್ವ ಹೇಳಿದ್ದು ಸುಳ್ಳಲ್ಲ. ತೆಳು ಮಣ್ಣಿನ ಆ ಹೊಲದಲ್ಲೂ ಹಸಿ ನಿಲ್ತಿತ್ತು. ಯಾಕಂದ್ರೆ ಮೇಲೆ ಗುಡ್ಡದಲ್ಲಿ ಹುಲ್ಲಿತ್ತು, ಕುರುಚಲು ಇತ್ತು. ಮಳೆ ಹನಿ ನೇರ ಮಣ್ಣಿಗೆ ಬಡೀತಿರಲಿಲ್ಲ. ಹುಲ್ಲಿನ ಬುಡದಲ್ಲಿ ಇಳಿದು, ನಿಧಾನಕ್ಕೆ ಕೆಳಗಿನ ಹೊಲಕ್ಕೆ ಜಿನುಗ್ತಿತ್ತು. ಹೊಲದೊಳಗೆ ಜೋಳದ ಜೊತೆ ತೊಗರಿ, ಅವರೆ, ಅಲಸಂದೆ ಅಕ್ಕಡಿ ಸಾಲು. ಜೋಳ ಕೊಯ್ದ ಮೇಲೂ ತೊಗರಿ ನೆರಳು ಕೊಡ್ತಿತ್ತು, ಹುರುಳಿ ನೆಲ ಮುಚ್ಚುತ್ತಿತ್ತು. ಅಪ್ಪ ಎಡೆಕುಂಟೆ ಹೊಡೆದಾಗ ಮೇಲಿನ ಮಣ್ಣು ಪುಡಿಯಾಗಿ ಕೆಳಗಿನ ಹಸಿಗೆ ಮುಚ್ಚಳ ಹಾಕಿದಂಗಾಗ್ತಿತ್ತು. ಬೇಸಿಗೆಯಲ್ಲಿ ಎರಡು ಗಾಡಿ ಕೆರೆ ಗೋಡು ಬೀಳ್ತಿತ್ತು. ನಾಲ್ಕಾಣೆ ಹೊಲವನ್ನ ಆರಾಣೆ ಮಾಡೋ ವಿದ್ಯೆ ಅದು.

ಮೊದಲ ಪೆಟ್ಟು ಬಿದ್ದದ್ದು ಗುಡ್ಡಕ್ಕೆ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಗೋಮಾಳದಲ್ಲಿ ಸಾಲು ಸಾಲು ಗುಂಡಿ ತೋಡಿದ್ರು. ಕೂಲಿ ಸಿಕ್ತು ಅಂತ ಕೇರಿಗೆ ಕೇರಿಯೇ ಹೋಗಿತ್ತು. ಅವ್ವನೂ ಹೋಗಿದ್ಲು. ನೆಟ್ಟದ್ದು ನೀಲಗಿರಿ. ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ 1983ರಲ್ಲಿ ರಾಜ್ಯಕ್ಕೆ ಬಂದಿತ್ತು. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಅನ್ನೋ ಕಂಪನಿ ಹುಟ್ಟಿತು. ಅದು ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಮಾಡಿದ್ದು. ಆಗಿನ ಶಿವಮೊಗ್ಗ, ಚಿತ್ರದುರ್ಗ ಸೇರಿದಂತೆ ಹಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಿ ಅಂಡ್ ಡಿ ಜಮೀನಿನಲ್ಲಿ ಕಾರ್ಖಾನೆಗೆ ಬೇಕಾದ ಮರ ಬೆಳೆಸೋದು ಅದರ ಉದ್ದೇಶ. ಹಳ್ಳಿಯ ಬಡವರು ಇದನ್ನ ಸುಮ್ಮನೆ ಒಪ್ಪಲಿಲ್ಲ. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೀತು. ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ನೆಟ್ರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮುಂದೆ ನಿಂತಿತ್ತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದ್ರು. 1991ರಲ್ಲಿ ಆ ಕಂಪನಿ ಮುಚ್ಚಿತು.

ನಾವು ಹೋರಾಟಗಾರರು "ನೀಲಗಿರಿ ನೀರು ಕುಡಿಯೋ ರಾಕ್ಷಸ" ಅಂತ ಭಾಷಣ ಹೊಡೀತೀವಿ. ನಾನೂ ಹೊಡೆದಿದ್ದೀನಿ. ಆದರೆ ವಿಷಯ ಅಷ್ಟು ಸಲೀಸಿಲ್ಲ. ಅದೇ ಹೊತ್ತಿಗೆ ಕರ್ನಾಟಕ ಅರಣ್ಯ ಇಲಾಖೆ ಮತ್ತು ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆ ಸೇರಿ, ನಮ್ಮೂರಿಗೆ ಹತ್ತಿರವೇ ಇರೋ ಶಿವಮೊಗ್ಗ ಪಕ್ಕದ ಪುರದಾಳಿನಲ್ಲಿ ಮತ್ತು ಬೆಂಗಳೂರು ಕಡೆ ಹೊಸಕೋಟೆಯಲ್ಲಿ ಮಣ್ಣಿಗೆ ಕೊಳವೆ ಇಳಿಸಿ ತೇವಾಂಶ ಅಳೆದ್ರು. ಇಯಾನ್ ಕಾಲ್ಡರ್, ನಮ್ಮ ಅರಣ್ಯ ಇಲಾಖೆಯ ಎಂ.ಎಚ್. ಸ್ವಾಮಿನಾಥ್ ಆ ತಂಡದಲ್ಲಿದ್ರು. ಶಿವಮೊಗ್ಗ ಕಡೆಯ ಮಣ್ಣಿನಲ್ಲಿ ನೀಲಗಿರಿ ತೋಪು ಕುಡಿದ ನೀರು, ನಮ್ಮ ನಾಡಿನ ಒಣ ಕಾಡು ಕುಡಿದ ನೀರಿಗಿಂತ ಹೆಚ್ಚೇನೂ ಇರಲಿಲ್ಲ. ಆದರೆ ರಾಗಿಯಂಥ ಬೆಳೆಗೆ ಹೋಲಿಸಿದ್ರೆ ಎರಡೂ ಸುಮಾರು ಎರಡು ಪಟ್ಟು ಕುಡೀತಿದ್ವು. ಬಿದ್ದ ಮಳೆ ಬಹುಪಾಲು ಅಲ್ಲಲ್ಲಿಗೇ ಮುಗೀತಿತ್ತು. ಮಣ್ಣು ತುಂಬಾ ಆಳವಾಗಿದ್ದ ಹೊಸಕೋಟೆಯಲ್ಲಿ ನೀಲಗಿರಿ ಬಿದ್ದ ಮಳೆಗಿಂತಲೂ ಹೆಚ್ಚು ನೀರು ಎಳೆದಿತ್ತು. ಬೇರು ವರ್ಷಕ್ಕೆ ಎರಡೂವರೆ ಮೀಟರ್‌ನಂತೆ ಕೆಳಗಿಳಿದು ಹಳೇ ಹಸಿಯನ್ನ ಹೀರಿತ್ತು.

ಇದರಿಂದ ನನಗೆ ತಿಳಿದದ್ದು ಇಷ್ಟು. ನಮ್ಮ ಗುಡ್ಡದಲ್ಲಿ ಕಾಡು ಕಡಿದು ನೀಲಗಿರಿ ಹಾಕಲಿಲ್ಲ, ಹುಲ್ಲುಗಾವಲಿಗೆ ಹಾಕಿದ್ರು. ಹುಲ್ಲು ಕುಡೀತಿದ್ದದ್ದು ಕಮ್ಮಿ. ಉಳಿದ ನೀರು ನಮ್ಮ ಹೊಲಕ್ಕೆ ಜಿನುಗಿ ಬರ್ತಿತ್ತು. ಆ ಪಾಲನ್ನ ತೋಪು ಕುಡೀತು. ಏಳೆಂಟು ವರ್ಷಕ್ಕೊಮ್ಮೆ ಮರ ಕಡಿದಾಗ ಗುಡ್ಡ ಬೋಳಾಗಿ, ಮಣ್ಣು ಕೊಚ್ಚಿ ಬಂದು ಹೊಲದ ಮೇಲೆ ಕಲ್ಲು ಬಿತ್ತು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದು ಅಂದಿತು. ಅಷ್ಟೊತ್ತಿಗೆ ಮೂವತ್ತು ವರ್ಷ ಕಳೆದಿತ್ತು. ರೆವಿನ್ಯೂ ನಿಯಮದಲ್ಲಿ ನೂರು ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕು ಅಂತ ಬರೆದಿದೆ. ಗೋಮಾಳದಿಂದ ಕೆಳಗಿನ ಹೊಲಕ್ಕೆ ಇಳಿಯೋ ಹಸಿಗೆ ಯಾವ ನಿಯಮದಲ್ಲೂ ಒಂದು ಸಾಲಿಲ್ಲ.

ಎರಡನೇ ಪೆಟ್ಟು ನಾವೇ ಕೊಟ್ಟದ್ದು. ಮೆಕ್ಕೆಜೋಳ. ನಮ್ಮ ಜಿಲ್ಲೆಯನ್ನ ಮೆಕ್ಕೆಜೋಳದ ಕಣಜ ಅಂತಾರೆ. ಬೀಜ ಗೊಬ್ಬರ ಸಾಲ ಕೊಡೋ ಅಂಗಡಿ, ಕಣದಲ್ಲೇ ಕೊಳ್ಳೋ ವ್ಯಾಪಾರಿ, ಮೂರೂವರೆ ನಾಲ್ಕು ತಿಂಗಳಿಗೆ ಕೈಗೆ ದುಡ್ಡು. ನನ್ನ ಡಿಗ್ರಿ ಫೀಸು ಕಟ್ಟಿದ್ದು ಅದೇ ಬೆಳೆ. ಅದನ್ನ ಬಯ್ಯೋಕೆ ನನಗೆ ಬಾಯಿ ಬರಲ್ಲ. ಆದರೆ ಅಕ್ಕಡಿ ಹೋಯ್ತು. ಕಳೆನಾಶಕ ಬಂದು ಬೆರಕೆ ಸೊಪ್ಪು ಹೋಯ್ತು. ಕಟಾವಾದ ಮೇಲೆ ನವೆಂಬರಿಂದ ಮೇವರೆಗೆ ಹೊಲ ಬರಿ ಮೈಯಲ್ಲಿ ಬಿಸಿಲು ಕಾಯುತ್ತೆ. ಮುಂಗಾರಿನ ಮೊದಲ ದಪ್ಪ ಹನಿ ಬಿದ್ದಾಗ ಕೆಂಪು ಮಣ್ಣು ಹೆಪ್ಪುಗಟ್ಟಿದಂಗಾಗಿ ನೀರು ಒಳಗಿಳಿಯದೆ ಹರಿದು ಹೋಗುತ್ತೆ, ಮಣ್ಣನ್ನೂ ಕರ್ಕೊಂಡು. ಎರೆ ಹೊಲದವನಿಗೆ ಈ ನಷ್ಟ ತಡೆಯುತ್ತೆ. ಗೇಣು ಮಣ್ಣಿನವನಿಗೆ ಒಂದೊಂದು ಬೆರಳು ಮಣ್ಣೂ ಒಂದೊಂದು ದಿನದ ಹಸಿ.

ಮೂರನೆಯದು ಅಡಿಕೆ. ಭದ್ರಾ ಕಾಲುವೆ 1960ರ ದಶಕದಲ್ಲಿ ಚನ್ನಗಿರಿ, ಹೊನ್ನಾಳಿ ಕಡೆಗೆ ಭತ್ತ ತಂತು. ಈಗ ಆ ಗದ್ದೆಗಳು ತೋಟ ಆಗ್ತಿವೆ. ಕಾಲುವೆ ಇಲ್ಲದ ಕಡೆ ಬೋರು. ಎಕರೆಗೆ ಸುಮಾರು 550 ಗಿಡ. ಹನಿ ನೀರಾವರಿಯಲ್ಲೂ ಬೇಸಿಗೆಯಲ್ಲಿ ಗಿಡಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಅಂದ್ರೆ ಎಕರೆಗೆ ದಿನಕ್ಕೆ 11 ಸಾವಿರ ಲೀಟರ್‌ವರೆಗೆ. ತೋಟದೊಳಗೆ ಕಾಲಿಟ್ಟರೆ ತಂಪು, ಎಲೆ ಗೊಬ್ಬರ, ಮಣ್ಣು ಮೆತ್ತಗೆ. ಅಲ್ಲಿ ಹಸಿ ಸೊಗಸಾಗಿದೆ, ಇಲ್ಲ ಅನ್ನಲ್ಲ. ಆದರೆ ಆ ಹಸಿ ಎಲ್ಲಿಂದ ಬಂತು? ಸುತ್ತಲಿನ ಹೊಲಗಳ ಅಡಿಯಿಂದ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223ನ್ನ ಬರಪೀಡಿತ ಅಂತ ಘೋಷಣೆ ಮಾಡಿದ್ರು. 2024ರ ಬೇಸಿಗೆಯಲ್ಲಿ ಚನ್ನಗಿರಿ ಕಡೆ ಅಡಿಕೆಗೆ ಟ್ಯಾಂಕರ್ ನೀರು ಹೊಡೆಸಿದ್ದು ಎಲ್ಲರೂ ಟೀವಿಯಲ್ಲಿ ನೋಡಿದ್ದೀರಿ. ನಮ್ಮ ನೆಂಟರ ಕೇರಿಯ ಹೆಣ್ಣುಮಕ್ಕಳು ಕೊಡ ಇಟ್ಕೊಂಡು ನಿಂತ ರಸ್ತೆಯಲ್ಲೇ ಆ ಟ್ಯಾಂಕರ್ ಹೋದ್ವು.

ನೀರು ಹೋಗೋದಷ್ಟೇ ಆಗಿದ್ರೆ ಬೇರೆ ಮಾತು. ಮಣ್ಣೂ ಹೋಗ್ತಿದೆ. ಗದ್ದೆ ಎತ್ತರಿಸಿ ತೋಟ ಮಾಡೋಕೆ ಟಿಪ್ಪರ್‌ಗಟ್ಟಲೆ ಕೆಂಪು ಮಣ್ಣು ಬೇಕು. ಅದು ಬರೋದು ಗುಡ್ಡದಿಂದ, ಗೋಮಾಳದಿಂದ. ಕೆರೆ ಗೋಡೂ ತೋಟಕ್ಕೇ. ಮೊದಲು ಎರಡು ಗಾಡಿ ಗೋಡು ಸಿಗ್ತಿದ್ದ ಅಪ್ಪನಂಥವರಿಗೆ ಈಗ ಜೆಸಿಬಿ ಬಾಡಿಗೆ ಕೊಟ್ಟೋರ ಹಿಂದೆ ನಿಲ್ಲಬೇಕು. ಒಂದೂವರೆ ಶತಮಾನದ ಹಿಂದೆ ಮಣ್ಣನ್ನ ಅಗೆದು ಆಣೆ ಕಟ್ಟಿದ್ರು. ಈಗ ಆ ಆಣೆಗಳನ್ನ ಟಿಪ್ಪರ್‌ನಲ್ಲಿ ತುಂಬಿ ಸಾಗಿಸ್ತಿದ್ದಾರೆ.

ಜಗಳೂರಿನ ಮಾತು ಬೇರೆ. ಅಲ್ಲಿ ಮಳೆಯೇ 500-600 ಮಿಲಿಮೀಟರ್ ಆಸುಪಾಸು. ರಂಗಯ್ಯನದುರ್ಗದ ಕುರುಚಲು ಕಾಡನ್ನ 2011ರಲ್ಲಿ ಕೊಂಡುಕುರಿ ವನ್ಯಧಾಮ ಮಾಡಿದ್ರು. ಅಂಥ ಕಾಡನ್ನ ಪಾಳು ಅಂತ ಕರೆದವರೇ ಹೆಚ್ಚು. ಆದರೆ ಮುಳ್ಳುಗಂಟಿ, ಹುಲ್ಲು ಇರೋ ಕಡೆ ಮಳೆ ನಿಂತ ಮೇಲೆ ಮಣ್ಣು ಕೆದಕಿದ್ರೆ ತಂಪು ಸಿಗುತ್ತೆ, ಪಕ್ಕದ ಬೋಳು ಹೊಲದಲ್ಲಿ ಸಿಗಲ್ಲ ಅಂತ ನಮ್ಮ ಮಾವ ಹೇಳ್ತಾರೆ. ಕುರಿ ಕಾಯ್ದವರು ಅವರು. ಈಗ ಅಲ್ಲಿಗೆ ನೀರು ಬರೋ ಕಾಲ. ತುಂಗಭದ್ರೆಯಿಂದ 57 ಕೆರೆ ತುಂಬಿಸೋ ಯೋಜನೆ, ಭದ್ರಾ ಮೇಲ್ದಂಡೆ. ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಅಂತ ಹೇಳಿದ್ರು. ನೀರು ಬರಲಿ, ಜಗಳೂರಿನ ಜನ ಅದಕ್ಕಾಗಿ ವರ್ಷಗಟ್ಟಲೆ ಬೀದಿಯಲ್ಲಿ ಕೂತಿದ್ದಾರೆ. ನನ್ನ ಕೇಳಿಕೆ ಒಂದೇ. ಕೆರೆ ತುಂಬಿದಾಗ ಹಸಿ ಏರೋದು ಕೆರೆಯ ಕೆಳಗಿನ ಹೊಲಗಳಿಗೆ. ಕೇರಿಯವರ ಹೊಲ ಕೆರೆಯ ಮೇಲಿದೆಯೋ ಕೆಳಗಿದೆಯೋ, ಯಾರಾದ್ರೂ ಲೆಕ್ಕ ಹಾಕಿದ್ದೀರಾ?

ಲೆಕ್ಕ ಹಾಕೋದು ಕಷ್ಟವೇನಲ್ಲ. ಸುಜಲ-3 ಯೋಜನೆಯಲ್ಲಿ ನಮ್ಮ ಜಿಲ್ಲೆಯೂ ಇತ್ತು. ಆಯ್ದ ಜಲಾನಯನಗಳಲ್ಲಿ ಸರ್ವೆ ನಂಬರ್ ಹಿಡಿದು ಮಣ್ಣಿನ ಆಳ, ಇಳಿಜಾರು, ಕಲ್ಲು, ನೀರು ಹಿಡಿಯೋ ಶಕ್ತಿ ಎಲ್ಲಾ ನಕ್ಷೆ ಮಾಡಿದ್ದಾರೆ. 1863ರ ಆಣೆ ಲೆಕ್ಕದ ಹೊಸ ರೂಪ ಅದು. ಆ ನಕ್ಷೆಯ ಮೇಲೆ ಪರಿಶಿಷ್ಟರಿಗೆ ಮಂಜೂರಾದ ಸರ್ವೆ ನಂಬರ್‌ಗಳನ್ನ ಇಟ್ಟು ನೋಡಿ. ಯಾವ ಭಾಷಣವೂ ಬೇಡ, ನಕ್ಷೆಯೇ ಮಾತಾಡುತ್ತೆ. ಬಾಬಾಸಾಹೇಬರು 1918ರಲ್ಲಿ ಸಣ್ಣ ಹಿಡುವಳಿಗಳ ಬಗ್ಗೆ ಬರೆದಾಗ ಹೇಳಿದ್ದು ಇದನ್ನೇ: ಹಿಡುವಳಿ ಲಾಭದ್ದೋ ಅಲ್ಲವೋ ಅನ್ನೋದು ಬರೀ ವಿಸ್ತೀರ್ಣದಿಂದ ತೀರ್ಮಾನ ಆಗಲ್ಲ, ಅದಕ್ಕೆ ಕೂಡುವ ಬಂಡವಾಳ, ದುಡಿಮೆಯನ್ನೂ ನೋಡಬೇಕು ಅಂತ. ಪಹಣಿಯಲ್ಲಿ ಎರಡು ಎಕರೆ ಅಂತ ಇದ್ದ ಮಾತ್ರಕ್ಕೆ ನಮ್ಮ ಎರಡು ಎಕರೆ, ಅವರ ಎರಡು ಎಕರೆ ಒಂದೇ ಅಲ್ಲ.

ಇನ್ನು ತಮ್ಮನ ಪ್ರಶ್ನೆ. ನಾನು ಅವನಿಗೆ ಮೊದಲು ಕಾನೂನು ಹೇಳಿದೆ. 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಪರಭಾರೆ ಅಂದ್ರೆ ಮಾರಾಟ ಒಂದೇ ಅಲ್ಲ. ಅಡಮಾನವೂ ಪರಭಾರೆ, ಗುತ್ತಿಗೆಯೂ ಪರಭಾರೆ. ಸರ್ಕಾರದ ಅನುಮತಿ ಇಲ್ಲದೆ ಮಂಜೂರಾತಿ ಭೂಮಿಯನ್ನ ಗುತ್ತಿಗೆಗೆ ಕೊಡೋ ಹಾಗಿಲ್ಲ. ಇದು ನಮ್ಮ ಎಷ್ಟೋ ಹುಡುಗರಿಗೆ ಗೊತ್ತಿಲ್ಲ, ಗೊತ್ತು ಮಾಡಿ. ಅವನು ಕೇಳಿ, "ಕಾನೂನು ಹಸಿ ತಂದ್ಕೊಡುತ್ತಾ ಅಣ್ಣಾ?" ಅಂದ. ಆ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ.

ಕೊನೆಗೆ ಅವ್ವನೇ ರಾಜಿ ಮಾಡಿಸಿದ್ಲು. ಈ ವರ್ಷ ಒಂದು ಎಕರೆಗೆ ಮೆಕ್ಕೆಜೋಳ, ಅದು ತಮ್ಮನ ಲೆಕ್ಕ. ಇನ್ನೊಂದು ಎಕರೆಗೆ ಜೋಳ, ತೊಗರಿ ಅಕ್ಕಡಿ, ಹಿಂದೆ ಹುರುಳಿ. ಇಳಿಜಾರಿಗೆ ಅಡ್ಡ ಬದು ಹಾಕಿಸೋ ಖರ್ಚು, ಎರಡು ಟ್ರ್ಯಾಕ್ಟರ್ ಗೋಡಿನ ಖರ್ಚು ನನ್ನ ಸಂಬಳದಿಂದ. ದೀಪಾವಳಿ ಆದ ಮೇಲೆ ಎರಡೂ ಕಡೆ ಮಣ್ಣು ಕೆದಕಿ ನೋಡೋದು. ಉಂಡೆ ಕಟ್ಟೋದು ಯಾವ ಕಡೆ ಅಂತ ಅವ್ವ ಹೇಳ್ತಾಳೆ. ನೀರಗಂಟಿಯ ಮಗಳು, ಅವಳ ಕೈಗೆ ಮಣ್ಣು ಸುಳ್ಳು ಹೇಳಲ್ಲ.

ಏನಾಯ್ತು ಅಂತ ದೀಪಾವಳಿ ಕಳೆದ ಮೇಲೆ ಇಲ್ಲೇ ಬರೀತೀನಿ. ಅಲ್ಲಿವರೆಗೆ ನೀವೂ ನಿಮ್ಮ ಪಹಣಿ ತೆಗೆದು ಆಕಾರ ಎಷ್ಟಿದೆ, ಮಣ್ಣು ಯಾವುದು ಅಂತ ಬರೆದಿದೆ ನೋಡಿ. ಆಮೇಲೆ ಪಕ್ಕದ ಹೊಲದ ಪಹಣಿ ನೋಡಿ.

ಜೈ ಭೀಮ್.